ಮೈಬಿಸಿಗೆ ಗಟ್ಟಿಯಾಗುವ ದ್ರವ

ಮೊಣಕಾಲಿನ ಎಲುಬುಗಳ ತುದಿಯನ್ನು ಆವರಿಸಿರುವ ನುಣುಪಾದ ಪದರವೇ ಮೃದ್ವಸ್ಥಿ. ಇದರಲ್ಲಿ ರಕ್ತನಾಳಗಳಿಲ್ಲ; ಆದಕಾರಣ ಚರ್ಮದ ಗಾಯ ಮಾಯುವಂತೆ ಇದರ ಗಾಯ ಮಾಯುವುದಿಲ್ಲ. ಸವೆದ ಸ್ಥಳಕ್ಕೆ ಜೀವಕೋಶಗಳನ್ನು ತಲುಪಿಸಿ ಹೊಸ ಅಂಗಾಂಶವನ್ನು ಬೆಳೆಸುವುದು ವಿಜ್ಞಾನಿಗಳ ಗುರಿ. ಆದರೆ ಬರಿಯ ದ್ರವದಲ್ಲಿ ಚುಚ್ಚಿದ ಕೋಶಗಳು ಚದುರಿಹೋಗುತ್ತವೆ, ಅನೇಕವು ಸಾಯುತ್ತವೆ. ಗಟ್ಟಿಯಾದ ಆಸರೆಯನ್ನು ಒಳಗಿರಿಸಲು ಶಸ್ತ್ರಚಿಕಿತ್ಸೆ ಬೇಕು.

ಈ ಇಕ್ಕಟ್ಟಿಗೆ ಪರಿಹಾರವಾಗಬಲ್ಲವು ಶಾಖಕ್ಕೆ ಸ್ಪಂದಿಸುವ ಪಾಲಿಮರುಗಳು. ತುಪ್ಪವು ಚಳಿಗೆ ಹೆಪ್ಪುಗಟ್ಟಿ ಬಿಸಿಗೆ ಕರಗುತ್ತದೆ. ಇವುಗಳ ಗುಣ ಇದಕ್ಕೆ ತದ್ವಿರುದ್ಧ: ತಂಪಿನಲ್ಲಿ ದ್ರವ, ದೇಹದ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೆಲ್. ಇವುಗಳ ಸರಪಳಿಯ ಕೆಲವು ಭಾಗಗಳು ನೀರನ್ನು ಬಯಸುತ್ತವೆ, ಕೆಲವು ದೂರವಿಡುತ್ತವೆ. ಶಾಖವೇರಿದಾಗ ನೀರನ್ನೊಲ್ಲದ ಭಾಗಗಳು ಒಂದನ್ನೊಂದು ಹಿಡಿದುಕೊಂಡು ಬಲೆಯಾಗುತ್ತವೆ. ಸೂಜಿಯಿಂದ ಇಳಿದ ಕೋಶಗಳು ಆ ಬಲೆಯೊಳಗೆ ಸಿಕ್ಕಿದ ಕಡೆಯೇ ನಿಲ್ಲುತ್ತವೆ.

1968ರಲ್ಲಿ ವರದಿಯಾದ ಇಂಥ ಒಂದು ಪಾಲಿಮರ್ ಸುಮಾರು 32 ಡಿಗ್ರಿಯಲ್ಲಿ ರೂಪ ಬದಲಿಸುತ್ತದೆ. ಆದರೆ ಅದು ದೇಹದಲ್ಲಿ ಕರಗಿಹೋಗುವುದಿಲ್ಲ. ಅಂಗಾಂಶ ಬೆಳೆದ ಮೇಲೆ ಆಸರೆಯು ತಾನಾಗಿ ಇಲ್ಲವಾಗಬೇಕು. ಆದ್ದರಿಂದ ಜೈವಿಕವಾಗಿ ವಿಘಟನೆಗೊಳ್ಳುವ ವಸ್ತುಗಳ ಹುಡುಕಾಟ ನಡೆಯಿತು. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಿಂದ ಹೆಣೆದ ಪಾಲಿಮರುಗಳು ನೀರಿನೊಡನೆ ವರ್ತಿಸಿ ಮತ್ತೆ ಆ ಆಮ್ಲಗಳೇ ಆಗುತ್ತವೆ. ಮೊಸರಿಗೆ ಹುಳಿ ಕೊಡುವ, ದುಡಿದ ಸ್ನಾಯುವಿನಲ್ಲಿಯೂ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನು ದೇಹವು ಅರಗಿಸಿಕೊಳ್ಳಬಲ್ಲದು. ಆದರೆ ಒಂದೆಡೆ ಆಮ್ಲ ಹೆಚ್ಚು ಸಂಗ್ರಹವಾದರೆ ಕೋಶಗಳಿಗೇ ಹಾನಿ. ಕೈಟೋಸಾನ್ ಎಂಬ ಇನ್ನೊಂದು ವಸ್ತುವನ್ನು ಕಿಣ್ವಗಳು ಒಡೆಯುತ್ತವೆ. ಇದನ್ನು ಬಹುತೇಕ ಸೀಗಡಿ, ಏಡಿಗಳ ಚಿಪ್ಪಿನಿಂದಲೂ ಕೆಲವೊಮ್ಮೆ ಶಿಲೀಂಧ್ರಗಳಿಂದಲೂ ಪಡೆಯುತ್ತಾರೆಂಬುದನ್ನು ಸಸ್ಯಾಹಾರಿಗಳು ತಿಳಿದಿರುವುದು ಒಳಿತು.

ಜೆಲ್ ಬೇಗನೆ ಕರಗಿದರೆ ಕೋಶಗಳಿಗೆ ನೆಲೆಯಿಲ್ಲ. ಬಹುಕಾಲ ಉಳಿದರೆ ಹೊಸ ಅಂಗಾಂಶಕ್ಕೆ ಎಡೆಯಿಲ್ಲ. ನಡೆದಾಡುವವರ ಭಾರವನ್ನೂ ಅದು ತಾಳಬೇಕು. ಈ ಹದವನ್ನು ಸಾಧಿಸುವ ಸಂಶೋಧನೆ ಇನ್ನೂ ಸಾಗಿದೆ.

ಆದುದರಿಂದ ಒಂದೇ ಚುಚ್ಚುಮದ್ದಿನಿಂದ ಮೊಣಕಾಲು ಹೊಸದಾಗುವುದೆಂಬ ಜಾಹೀರಾತಿಗೆ ಮರುಳಾಗಬಾರದು. ಮಾನ್ಯತೆ ಪಡೆದ ಚಿಕಿತ್ಸೆಗಳ ಹೊರತು ಸ್ಟೆಮ್ ಸೆಲ್‌ಗಳ ಬಳಕೆಯು ಅನುಮೋದಿತ ಪ್ರಯೋಗಗಳೊಳಗೆ ಮಾತ್ರ ನಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಕೋಶ ಚಿಕಿತ್ಸೆಯ ಸಲಹೆ ಬಂದಾಗ ಅದಕ್ಕೆ ಸರ್ಕಾರದ ಅನುಮತಿಯಿದೆಯೇ, ಪ್ರಯೋಗವಾದರೆ ನೋಂದಣಿ ಸಂಖ್ಯೆ ಯಾವುದು ಎಂದು ಸಂಕೋಚವಿಲ್ಲದೆ ಕೇಳಬೇಕು. ಅಲ್ಲಿಯವರೆಗೆ ಮಿತವಾದ ತೂಕ, ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಹಾಗೂ ತಜ್ಞರ ಸಲಹೆಗಳೇ ಕೀಲಿಗೆ ಆಸರೆ.