ಬಂಗಾರ ಮತ್ತು ಭಂಗಾರ: ತಾಮ್ರದ ನಾಣ್ಯ ಹೂಡಿಕೆಯಾಗಬಲ್ಲುದೆ?

ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಎರಡು ಶಬ್ದಗಳು ಚಿರಪರಿಚಿತವಾದವು. ಕನ್ನಡದ ‘ಬಂಗಾರ’ವೆಂದರೆ ಚಿನ್ನ, ಮರಾಠಿಯ ‘ಭಂಗಾರ’ವೆಂದರೆ ಗುಜರಿ ಸಾಮಾನು. ಕಿವಿಗೆ ಕೇಳುವ ಭೇದ ಅಲ್ಪಪ್ರಾಣ ಮಹಾಪ್ರಾಣಗಳಷ್ಟೆ. ತಾಮ್ರವು ಈ ಎರಡು ಶಬ್ದಗಳ ನಡುವೆ ನಿಂತಿರುವ ಲೋಹ. ಪೂಜೆಯ ತಂಬಿಗೆಯಾಗಿ, ಶಾಸನದ ಪಟವಾಗಿ ಅದಕ್ಕೆ ಗೌರವವುಂಟು. ಸುಟ್ಟ ಮೋಟಾರಿನ ತಂತಿಯಾಗಿ ಅದು ಗುಜರಿಯ ತಕ್ಕಡಿಗೆ ಏರುತ್ತದೆ. ಬಂಗಾರ ಬೆಳ್ಳಿಗಳ ದರ ಸಾಮಾನ್ಯರ ಕೈಗೆ ಎಟುಕದಂತಾದಾಗ, ಅಲ್ಪ ಉಳಿತಾಯವುಳ್ಳವರ ಗಮನ ತಾಮ್ರದ ಕಡೆಗೆ ಹೊರಳುವುದು ಸಹಜ. ಶುದ್ಧ ತಾಮ್ರದಲ್ಲಿ ಅಚ್ಚೊತ್ತಿದ ಬಿಲ್ಲೆಗಳನ್ನು ಕೊಂಡಿಡುವುದು ಲಾಭದಾಯಕವೆ? ಶಿಷ್ಯವೇತನದಲ್ಲಿ ನಾಲ್ಕು ಕಾಸು ಉಳಿಸುವ ವಿದ್ಯಾರ್ಥಿಗೆ ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ಉತ್ತರವನ್ನು ಭಾಷೆಯಿಂದಲೂ, ಇತಿಹಾಸದಿಂದಲೂ, ಸರಳ ಗಣಿತದಿಂದಲೂ ಪಡೆಯಬಹುದು.

ಶಬ್ದಗಳ ಸಾಕ್ಷಿ

ಇಂದು ‘ಹಣ’, ‘ಹೊನ್ನು’, ‘ದುಡ್ಡು’, ‘ಕಾಸು’ ಎಂಬವು ಬಹುಮಟ್ಟಿಗೆ ಸಂಪತ್ತಿನ ಸಾಮಾನ್ಯ ಹೆಸರುಗಳಾಗಿವೆ. ಮೂಲದಲ್ಲಿ ಅವು ಬೇರೆ ಬೇರೆ ನಾಣ್ಯಗಳು. ಹೊನ್ನು ಚಿನ್ನದ ನಾಣ್ಯ. ಹಣವು ಕಡಲೆಬೇಳೆಯಂಥ ಚಿಕ್ಕ ಚಿನ್ನದ ನಾಣ್ಯ. ದುಡ್ಡು, ಕಾಸುಗಳು ತಾಮ್ರದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ಕಾಸಿನ ಎಣಿಕೆಯನ್ನು ಕನ್ನಡ ಲಿಪಿಯಲ್ಲಿಯೇ ಅಚ್ಚೊತ್ತಲಾಗಿತ್ತು. ‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆಯಲ್ಲಿ ದೊಡ್ಡಪ್ಪನ ಪದವಿಗೆ ಏರಿರುವುದು ಹೀಗೆ ಒಂದು ತಾಮ್ರದ ತುಂಡು.

1674ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕವಾದಾಗ ಹೊರಟ ಚಿನ್ನದ ನಾಣ್ಯಕ್ಕೆ ‘ಹೋನ’ವೆಂದು ಹೆಸರು; ಅದು ಕನ್ನಡದ ‘ಹೊನ್ನು’. ತಾಮ್ರದ ನಾಣ್ಯಕ್ಕೆ ‘ಶಿವರಾಯಿ’ ಎಂದು ಹೆಸರು. ಒಂದು ಮುಖದಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದರಲ್ಲಿ ‘ಛತ್ರಪತಿ’ ಎಂಬ ಬರಹ. ಈ ಬಗೆಯ ನಾಣ್ಯಗಳು ಪೇಶವೆಯರ ಕಾಲದಲ್ಲಿಯೂ ಅಚ್ಚಾದವು, ಹತ್ತೊಂಬತ್ತನೆಯ ಶತಮಾನದಲ್ಲಿಯೂ ಚಲಾವಣೆಯಲ್ಲಿದ್ದವು. ಇಲ್ಲಿ ಕಾಣುವ ವಿಭಜನೆ ಸ್ಪಷ್ಟವಾದುದು. ಕೂಡಿಡುವುದಕ್ಕೆ ಚಿನ್ನ, ಸಂತೆಯಲ್ಲಿ ಉಪ್ಪು, ಎಣ್ಣೆ, ಕಾಯಿಪಲ್ಲೆ ಕೊಳ್ಳುವುದಕ್ಕೆ ತಾಮ್ರ. ತಾಮ್ರದ ನಾಣ್ಯ ಕೈಯಿಂದ ಕೈಗೆ ನಡೆಯಬೇಕಾದುದು, ಮಡಕೆಯಲ್ಲಿ ಕೂಡಬೇಕಾದುದಲ್ಲ.

ನಾಣ್ಯಕ್ಕೆ ಮೂರು ಬೆಲೆಗಳು

ಯಾವುದೇ ನಾಣ್ಯಕ್ಕೆ ಮೂರು ಬಗೆಯ ಬೆಲೆ ಇರಬಲ್ಲದು. ಕರಗಿಸಿದರೆ ದೊರೆಯುವುದು ಲೋಹದ ಬೆಲೆ. ರಾಜ್ಯದ ಮುದ್ರೆಯಿಂದ ಬರುವುದು ಮುಖಬೆಲೆ. ಪ್ರಾಚೀನತೆ, ವಿರಳತೆ, ಸುಸ್ಥಿತಿಗಳಿಂದ ಬರುವುದು ಸಂಗ್ರಹದ ಬೆಲೆ. ಚಿನಿವಾರ ಪೇಟೆಯ ಗಟ್ಟಿಲೋಹದ ನಾಣ್ಯ, ಅಂದರೆ ಬುಲಿಯನ್ ನಾಣ್ಯವು, ಮುಖ್ಯವಾಗಿ ಮೊದಲನೆಯ ಬೆಲೆಯನ್ನು ಅವಲಂಬಿಸಿದೆ. ಆದುದರಿಂದ ಅದನ್ನು ಲೋಹದ ದರಕ್ಕೆ ಎಷ್ಟು ಸಮೀಪದಲ್ಲಿ ಕೊಳ್ಳಲಾಯಿತು, ಎಷ್ಟು ಸಮೀಪದಲ್ಲಿ ಮಾರಬಹುದು ಎಂಬುದೇ ಅದರ ಪರೀಕ್ಷೆ.

ತಾಮ್ರದ ಗಟ್ಟಿನಾಣ್ಯಗಳು ಹೆಚ್ಚಾಗಿ ಪ್ರಚಾರದಲ್ಲಿರುವುದು ಅಮೆರಿಕದಲ್ಲಿ. ಅಲ್ಲಿನ ಸರಕಾರಿ ಟಂಕಸಾಲೆ ಚಿನ್ನ, ಬೆಳ್ಳಿ, ಪ್ಲಾಟಿನಂ, ಪಲೇಡಿಯಂಗಳಲ್ಲಿ ಗಟ್ಟಿನಾಣ್ಯಗಳನ್ನು ಹೊರತಂದಿದೆ. ತಾಮ್ರದ ಬಿಲ್ಲೆಗಳು ಖಾಸಗಿಯವರ ತಯಾರಿಕೆ. ಅವುಗಳಿಗೆ ಮುಖಬೆಲೆಯಿಲ್ಲ, ಚಲಾವಣೆಯ ಅಧಿಕಾರವಿಲ್ಲ. ನಿಷ್ಕೃಷ್ಟವಾಗಿ ಹೇಳುವುದಾದರೆ ಅವು ನಾಣ್ಯಗಳೇ ಅಲ್ಲ. ನಾಣ್ಯದ ಆಕಾರವುಳ್ಳ ಲೋಹದ ಬಿಲ್ಲೆಗಳು. ತೂಕದಲ್ಲಿಯೂ ಒಂದು ಸೂಕ್ಷ್ಮವಿದೆ. ಚಿನ್ನ ಬೆಳ್ಳಿಗಳ ಟ್ರಾಯ್ ಔನ್ಸು 31.1 ಗ್ರಾಂ, ತಾಮ್ರದ ಬಿಲ್ಲೆಯ ಔನ್ಸು ಸಾಮಾನ್ಯವಾಗಿ 28.35 ಗ್ರಾಮಿನ ದಿನಬಳಕೆಯ ಔನ್ಸು.

ಗಣಿತವು ಹೇಳುವುದೇನು?

2024ರ ಮೇ ತಿಂಗಳಲ್ಲಿ ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ತಾಮ್ರದ ದರ ಟನ್ನಿಗೆ 10,000 ಡಾಲರುಗಳನ್ನು ದಾಟಿತು. ಲೆಕ್ಕಕ್ಕೆ ಈ ಅಂಕಿಯನ್ನೇ ಹಿಡಿಯಬಹುದು. ಟನ್ನಿಗೆ 10,000 ಡಾಲರ್ ಎಂದರೆ ಕಿಲೋಗೆ 10 ಡಾಲರ್, ಗ್ರಾಮಿಗೆ 1 ಸೆಂಟ್. ಹಾಗಾದರೆ 28.35 ಗ್ರಾಮಿನ ಬಿಲ್ಲೆಯಲ್ಲಿರುವ ತಾಮ್ರದ ಬೆಲೆ ಸುಮಾರು 28 ಸೆಂಟ್. ಅದನ್ನು 1 ಡಾಲರಿಗೆ ಕೊಂಡರೆಂದು ಭಾವಿಸಿದರೂ, ಕೊಂಡವರು ಲೋಹಕ್ಕೆ 28 ಸೆಂಟ್, ಅಚ್ಚು, ಸಾಗಣೆ, ಅಂಗಡಿಯ ಲಾಭಗಳಿಗೆ 72 ಸೆಂಟ್ ತೆತ್ತಂತಾಯಿತು. ಹಾಕಿದ ಬಂಡವಾಳ ಲೋಹದ ರೂಪದಲ್ಲಿ ಮರಳಬೇಕಾದರೆ ತಾಮ್ರದ ದರ ಟನ್ನಿಗೆ 35,000 ಡಾಲರುಗಳನ್ನು ಮೀರಬೇಕು. ಅದೂ ಬಡ್ಡಿಯಿಲ್ಲದೆ, ಬೆಲೆಯೇರಿಕೆಯನ್ನು ಲೆಕ್ಕಿಸದೆ.

ಅಚ್ಚೊತ್ತುವ ಖರ್ಚು ಚಿನ್ನಕ್ಕೂ ತಾಮ್ರಕ್ಕೂ ಹೆಚ್ಚು ಕಡಿಮೆ ಒಂದೇ. ಚಿನ್ನದ ಬೆಲೆಯ ಮುಂದೆ ಆ ಖರ್ಚು ನೂರಕ್ಕೆ ಕೆಲವು ಭಾಗ ಮಾತ್ರ. ತಾಮ್ರದ ಬೆಲೆಯ ಮುಂದೆ ಅದೇ ದೊಡ್ಡದು. ತಾಮ್ರದ ಬಿಲ್ಲೆಯ ದೌರ್ಬಲ್ಯದ ಮೂಲ ಇಲ್ಲಿದೆ.

ತಾಮ್ರಕ್ಕೆ ಭವಿಷ್ಯವಿಲ್ಲವೆಂದು ಇದರ ಅರ್ಥವಲ್ಲ. ವಿದ್ಯುತ್ ತಂತಿ, ಮೋಟಾರು, ವಿದ್ಯುತ್ ವಾಹನಗಳಿಗೆ ಅದು ಅನಿವಾರ್ಯ. 2016ರ ಆರಂಭದಲ್ಲಿ ಟನ್ನಿಗೆ 5,000 ಡಾಲರಿಗಿಂತ ಕೆಳಗಿದ್ದ ದರ 2024ರ ವೇಳೆಗೆ ಇಮ್ಮಡಿಯಾದುದು ನಿಜ. 2008ರ ಬೇಸಿಗೆಯಲ್ಲಿ 8,000 ಡಾಲರ್ ದಾಟಿದ್ದ ದರ ಅದೇ ವರ್ಷಾಂತ್ಯಕ್ಕೆ 3,000ಕ್ಕಿಂತ ಕೆಳಗಿಳಿದುದೂ ಅಷ್ಟೇ ನಿಜ. ಕಾರಖಾನೆಗಳ ಏಳುಬೀಳು ತಾಮ್ರದ ದರದಲ್ಲಿ ಪ್ರತಿಫಲಿಸುತ್ತದೆ. ದರ ಇಮ್ಮಡಿಯಾದರೂ ಬಿಲ್ಲೆ ಕೊಂಡವರು ನಷ್ಟದಲ್ಲಿಯೇ ಉಳಿಯುವರೆಂಬುದನ್ನು ಮೇಲಿನ ಲೆಕ್ಕ ತೋರಿಸುತ್ತದೆ.

ಸಂಗ್ರಹದ ತೊಡಕು ಇನ್ನೊಂದು. ತಾಮ್ರದ ದರ ಕಿಲೋಗೆ 1,000 ರೂಪಾಯಿ, ಚಿನ್ನದ್ದು ಗ್ರಾಮಿಗೆ 10,000 ರೂಪಾಯಿ ಎಂದು ಊಹಿಸಿದರೆ, ಒಂದು ಲಕ್ಷ ರೂಪಾಯಿಯ ಚಿನ್ನ 10 ಗ್ರಾಂ. ಅಷ್ಟೇ ಬೆಲೆಯ ತಾಮ್ರ 100 ಕಿಲೋ. ಚಿನ್ನ ಸೆರಗಿನ ಗಂಟಿನಲ್ಲಿ ಅಡಗುತ್ತದೆ. ತಾಮ್ರಕ್ಕೆ ಒಂದು ಬಂಡಿ ಬೇಕು. ಚಿನ್ನ ಮಾಸುವುದಿಲ್ಲ, ತಾಮ್ರ ಕಿಲುಬು ಹಿಡಿಯುತ್ತದೆ. ಅವಸರದಲ್ಲಿ ಮಾರಹೊರಟರೆ ಅಕ್ಕಸಾಲಿಗನು ಚಿನ್ನವನ್ನು ಕೊಳ್ಳುವನು. ತಾಮ್ರವನ್ನು ಕೊಳ್ಳುವವನು ಭಂಗಾರದವನೇ, ಅದೂ ಅಚ್ಚನ್ನು ಎಣಿಸದೆ ತೂಕವನ್ನಷ್ಟೇ ನೋಡಿ.

ಮುದ್ರೆಯ ಬಲ

ತಾಮ್ರಕ್ಕೆ ತನ್ನ ತೂಕಕ್ಕಿಂತ ಹೆಚ್ಚಿನ ಬೆಲೆ ಬರುವುದು ಮುದ್ರೆಯ ಮೇಲಣ ನಂಬಿಕೆಯಿಂದ. ಆ ನಂಬಿಕೆ ಕುಸಿದರೇನಾಗುವುದೆಂಬುದಕ್ಕೆ ಮುಹಮ್ಮದ್ ಬಿನ್ ತುಘಲಕನ ಪ್ರಯೋಗವೇ ನಿದರ್ಶನ. 1330ರ ಸುಮಾರಿನಲ್ಲಿ ಅವನು ತಾಮ್ರ ಹಿತ್ತಾಳೆಗಳ ನಾಣ್ಯಗಳಿಗೆ ಬೆಳ್ಳಿಯ ಟಂಕದ ಬೆಲೆಯನ್ನು ಕೊಟ್ಟನು. ಮನೆಮನೆಗಳಲ್ಲಿ ಖೋಟಾ ನಾಣ್ಯಗಳು ತಯಾರಾದವು. ಕೊನೆಗೆ ಅವುಗಳನ್ನು ಹಿಂಪಡೆದು ಬೊಕ್ಕಸದಿಂದ ಬೆಳ್ಳಿಯನ್ನು ಕೊಡಬೇಕಾಯಿತು. ಇತಿಹಾಸಕಾರ ಬರನಿ ಇದನ್ನು ದಾಖಲಿಸಿದ್ದಾನೆ.

ಇದರ ವಿಲೋಮವೂ ನಡೆಯುತ್ತದೆ. ಲೋಹದ ಬೆಲೆ ಮುಖಬೆಲೆಯನ್ನು ಮೀರಿದಾಗ ಸರಕಾರಗಳು ಲೋಹವನ್ನೇ ಬದಲಿಸುತ್ತವೆ. ಅಮೆರಿಕದ 1982ಕ್ಕೆ ಹಿಂದಿನ, ನೂರಕ್ಕೆ 95 ಭಾಗ ತಾಮ್ರವುಳ್ಳ ಒಂದು ಸೆಂಟಿನ ನಾಣ್ಯದಲ್ಲಿ 2.95 ಗ್ರಾಂ ತಾಮ್ರವಿದೆ. ಮೇಲಿನ ದರದಲ್ಲಿ ಅದು ಸುಮಾರು ಮೂರು ಸೆಂಟಿನ ಸರಕು. ಕೊಳ್ಳುವವರಿಗೆ ಇದು ಬಿಲ್ಲೆಗಿಂತ ಉತ್ತಮವೆನಿಸಬಹುದು. ಆದರೆ 2006ರ ಡಿಸೆಂಬರಿನಿಂದ ಅದನ್ನು ಕರಗಿಸುವುದು ಅಲ್ಲಿ ನಿಷಿದ್ಧ. ಭಾರತದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು 1943ರಲ್ಲಿ ತೂತಿನ ಪೈಸೆ ಬಂದಿತು. 1957ರ ಕಂಚಿನ ಒಂದು ನಯಾಪೈಸೆಯ ಸ್ಥಾನಕ್ಕೆ ಮುಂದೆ ನಿಕಲ್-ಹಿತ್ತಾಳೆಯ ಪೈಸೆಯೂ, 1965ರಲ್ಲಿ ಅಲ್ಯುಮಿನಿಯಂ ಪೈಸೆಯೂ ಬಂದವು. ಚಿಲ್ಲರೆ ನಾಣ್ಯಗಳನ್ನು ಕರಗಿಸುವುದನ್ನು ತಡೆಯಲು 1971ರಲ್ಲಿ ಪ್ರತ್ಯೇಕ ಕಾಯಿದೆಯೇ ಆಯಿತು.

ಹಳೆಯ ನಾಣ್ಯಗಳ ವಿಷಯ

ಮೂರನೆಯದಾದ ಸಂಗ್ರಹದ ಬೆಲೆ ಹೊಸ ಬಿಲ್ಲೆಗಿಲ್ಲ, ಹಳೆಯ ನಾಣ್ಯಕ್ಕುಂಟು. ಆದರೆ ಅದು ಲೋಹದ ವ್ಯಾಪಾರವಲ್ಲ, ಜ್ಞಾನದ ವ್ಯಾಪಾರ. ಸವೆದ ಸಾಮಾನ್ಯ ಶಿವರಾಯಿಗೂ ಅಕ್ಷರ ಸ್ಫುಟವಾಗಿರುವ ವಿರಳ ಶಿವರಾಯಿಗೂ ತಾಮ್ರ ಒಂದೇ, ಬೆಲೆ ಒಂದೇ ಅಲ್ಲ. ಲಿಪಿ, ಟಂಕಸಾಲೆ, ಖೋಟಾಗಳನ್ನು ಗುರುತಿಸಬಲ್ಲವರಿಗೆ ಮಾತ್ರ ಅಲ್ಲಿ ನೆಲೆಯುಂಟು. ಕಾನೂನಿನ ಎಲ್ಲೆಗಳೂ ಇವೆ. 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತುವಿನ ವ್ಯಾಖ್ಯೆಗೆ ಸೇರುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹೊಲ ಉಳುವಾಗ ನಾಣ್ಯಗಳ ಗಡಿಗೆ ಸಿಕ್ಕರೆ, 1878ರ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು.

ತಾಮ್ರಪಟಗಳನ್ನು ಓದುವ ಕನ್ನಡ ವಿದ್ಯಾರ್ಥಿಗೆ ಈ ನ್ಯಾಯ ಹೊಸದಲ್ಲ. ಪಟವನ್ನು ತಲೆಮಾರುಗಳ ಕಾಲ ಕಾಪಾಡಿದವರು ತಾಮ್ರದ ತೂಕಕ್ಕಾಗಿ ಕಾಪಾಡಲಿಲ್ಲ. ಅದರಲ್ಲಿ ಕೊರೆದ ಭೂಮಿಯ ಹಕ್ಕಿಗಾಗಿ, ಬಳೆಗೆ ಬೆಸೆದ ರಾಜಮುದ್ರೆಗಾಗಿ ಕಾಪಾಡಿದರು. ಹೊಸ ಬಿಲ್ಲೆಯ ಹಿಂದೆ ರಾಜ್ಯವೂ ಇಲ್ಲ, ಹಕ್ಕೂ ಇಲ್ಲ, ಇತಿಹಾಸವೂ ಇಲ್ಲ. ಆದುದರಿಂದ ತಾಮ್ರದ ಗಟ್ಟಿನಾಣ್ಯವು ಹೂಡಿಕೆಯಾಗಿ ಯೋಗ್ಯವಾದುದಲ್ಲ. ಅಂದವಾದ ಅಚ್ಚಿಗೆ ಮನಸೋತು ಒಂದೆರಡನ್ನು ಕೊಳ್ಳುವುದಕ್ಕೆ ಅಡ್ಡಿಯಿಲ್ಲ; ಆ ಹಣವನ್ನು ಉಳಿತಾಯದ ಪುಸ್ತಕದಲ್ಲಿ ಬರೆಯದೆ ಖರ್ಚಿನ ಪುಸ್ತಕದಲ್ಲಿ ಬರೆಯುವುದು ವಿಹಿತ.

ಅಭ್ಯಾಸ

1. ಲೋಹದ ಬೆಲೆ, ಮುಖಬೆಲೆ, ಸಂಗ್ರಹದ ಬೆಲೆಗಳ ಭೇದವನ್ನು ಶಿವರಾಯಿಯ ಉದಾಹರಣೆಯಿಂದ ವಿವರಿಸಿರಿ.
2. ತಾಮ್ರದ ದರ ಟನ್ನಿಗೆ 20,000 ಡಾಲರ್ ಆದರೆ 28.35 ಗ್ರಾಮಿನ ಬಿಲ್ಲೆಯ ಲೋಹದ ಬೆಲೆ ಎಷ್ಟು? 1 ಡಾಲರಿಗೆ ಕೊಂಡವರ ನಷ್ಟವೆಷ್ಟು?
3. ನಾಣ್ಯಗಳಿಗೆ ಸಂಬಂಧಿಸಿದ ಐದು ಕನ್ನಡ ಗಾದೆಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದು, ಪ್ರತಿಯೊಂದರಲ್ಲಿ ಬರುವ ನಾಣ್ಯದ ಲೋಹ ಯಾವುದೆಂದು ಗುರುತಿಸಿರಿ.