ದುಡ್ಡು ಸೋರುವ ಜಾಗಗಳು: ಉಳಿತಾಯಗಾರರಿಗೆ ಕೆಲವು ಸೂತ್ರಗಳು

ಷೇರುಪೇಟೆ ಮುಂದಿನ ವರ್ಷ ಎಷ್ಟು ಏರುತ್ತದೆ ಎಂದು ಯಾರೂ ಹೇಳಲಾರರು. ಹೇಳುವವರು ಟಿವಿಯಲ್ಲಿ ದಿನವೂ ಸಿಗುತ್ತಾರೆ, ಆ ಮಾತು ಬೇರೆ. ಬಡ್ಡಿದರ, ಚಿನ್ನದ ಬೆಲೆ ಯಾವುದೂ ನಮ್ಮನ್ನು ಕೇಳಿ ಬದಲಾಗುವುದಿಲ್ಲ. ಕಮಿಷನ್, ಶುಲ್ಕ, ತೆರಿಗೆ, ಬೇಡದ ಪಾಲಿಸಿಯ ಕಂತು, ಇವನ್ನು ಇಳಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಆದರೆ ಹೆಚ್ಚಿನ ಮನೆಗಳಲ್ಲಿ ಲಾಭದ ಬಗ್ಗೆ ನಡೆಯುವ ಚರ್ಚೆಯ ಕಾಲು ಭಾಗವೂ ಖರ್ಚಿನ ಬಗ್ಗೆ ನಡೆಯುವುದಿಲ್ಲ. ಆದ್ದರಿಂದ ಈ ಸೂತ್ರಗಳು ಗಳಿಸುವುದಕ್ಕಿಂತ ಕಳೆದುಕೊಳ್ಳದಿರುವುದರ ಬಗ್ಗೆ.

1. ಮೊದಲು ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಿ

ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿ ಎಂದರೆ ವರ್ಷಕ್ಕೆ ಶೇ 42. ಅಷ್ಟು ಲಾಭ ಕೊಡುವ ಹೂಡಿಕೆ ಈ ದೇಶದಲ್ಲಿ ನ್ಯಾಯವಾಗಿ ಎಲ್ಲೂ ಇಲ್ಲ. ‘ಮಿನಿಮಮ್ ಡ್ಯೂ’ ಕಟ್ಟುತ್ತಾ, ಇನ್ನೊಂದು ಕಡೆ ಮ್ಯೂಚುವಲ್ ಫಂಡಿನಲ್ಲಿ ಎಸ್‌ಐಪಿ ನಡೆಸುವವರು ಬ್ಯಾಂಕಿಗಾಗಿ ದುಡಿಯುತ್ತಿದ್ದಾರೆ.

2. ವಿಮೆಯನ್ನು ವಿಮೆಗಾಗಿ ಕೊಳ್ಳಿ

ನಮ್ಮಲ್ಲಿ ಪಾಲಿಸಿ ಮಾಡಿಸುವುದು ಹೆಚ್ಚಾಗಿ ಸಂಕೋಚಕ್ಕೆ. ಏಜೆಂಟರು ಚಿಕ್ಕಪ್ಪನ ಸ್ನೇಹಿತರಾಗಿರುತ್ತಾರೆ, ಇಲ್ಲವೇ ಪಕ್ಕದ ಮನೆಯವರು. ಅವರು ತೋರಿಸುವುದು ‘ಇಪ್ಪತ್ತು ವರ್ಷ ಕಟ್ಟಿ, ಇಷ್ಟು ಲಕ್ಷ ಬರುತ್ತದೆ’ ಎನ್ನುವ ಎಂಡೋಮೆಂಟ್ ಅಥವಾ ಮನಿ ಬ್ಯಾಕ್ ಪಾಲಿಸಿ. ಬರುವ ಮೊತ್ತ ದೊಡ್ಡದಾಗಿಯೇ ಕಾಣುತ್ತದೆ. ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದವರು ಕಡಿಮೆ.

ನಾವು ಹಾಕೋಣ. ವರ್ಷಕ್ಕೆ 1 ಲಕ್ಷ ರೂಪಾಯಿಯಂತೆ 20 ವರ್ಷ ಕಟ್ಟುತ್ತೀರಿ. ಇಂಥ ಪಾಲಿಸಿಗಳ ನಿಜವಾದ ಗಳಿಕೆ ಸಾಮಾನ್ಯವಾಗಿ ಶೇ 5ರ ಆಸುಪಾಸು. ಆ ದರದಲ್ಲಿ ಕೊನೆಗೆ ಕೈಗೆ ಬರುವುದು ಸುಮಾರು 34.7 ಲಕ್ಷ. ನಡುವೆ ನಿಮಗೇನಾದರೂ ಆದರೆ ಮನೆಯವರಿಗೆ ಸಿಗುವ ವಿಮಾ ಮೊತ್ತ ಹೆಚ್ಚೆಂದರೆ 20 ಲಕ್ಷದ ಸುತ್ತಮುತ್ತ.

ಅದೇ 1 ಲಕ್ಷವನ್ನು ಎರಡು ಭಾಗ ಮಾಡಿ. ಮೂವತ್ತರ ಹರೆಯದ, ಬೀಡಿ ಸಿಗರೇಟು ಮುಟ್ಟದ, ಆರೋಗ್ಯವಂತರಿಗೆ 1 ಕೋಟಿಯ ಟರ್ಮ್ ಪಾಲಿಸಿ ವರ್ಷಕ್ಕೆ ಹತ್ತು–ಹದಿನೈದು ಸಾವಿರಕ್ಕೆ ಸಿಗುತ್ತದೆ. 12 ಸಾವಿರ ಎಂದಿಟ್ಟುಕೊಳ್ಳಿ. ಉಳಿದ 88 ಸಾವಿರವನ್ನು ಪಿಪಿಎಫ್‌ಗೆ ಹಾಕಿ. 2020ರ ಏಪ್ರಿಲ್‌ನಿಂದ ಪಿಪಿಎಫ್ ಬಡ್ಡಿ ಶೇ 7.1ರಲ್ಲಿ ನಿಂತಿದೆ. ಆ ದರವೇ ಮುಂದುವರಿದರೆ 20 ವರ್ಷಕ್ಕೆ 39 ಲಕ್ಷ, ಅದೂ ತೆರಿಗೆಯಿಲ್ಲದೆ. ಹಣವೂ ಹೆಚ್ಚು, ರಕ್ಷಣೆ ಐದು ಪಟ್ಟು. (ಪಿಪಿಎಫ್ ಅವಧಿ 15 ವರ್ಷ, ಮುಂದೆ ಐದೈದು ವರ್ಷದಂತೆ ವಿಸ್ತರಿಸಬಹುದು.)

‘ಟರ್ಮ್ ಪಾಲಿಸಿಯಲ್ಲಿ ಬದುಕಿದ್ದರೆ ಏನೂ ಬರುವುದಿಲ್ಲವಲ್ಲ’ ಎನ್ನುವುದು ಎಲ್ಲರ ಆಕ್ಷೇಪ. ಬರುವುದಿಲ್ಲ, ನಿಜ. ಅದಕ್ಕೇ ಅದು ಅಗ್ಗ. ಕಟ್ಟಿದ್ದನ್ನು ವಾಪಸ್ ಕೊಡುತ್ತೇವೆ ಎನ್ನುವ ಟರ್ಮ್ ಪಾಲಿಸಿಗಳಲ್ಲಿ ಆ ವಾಪಸಾತಿಯ ಬೆಲೆಯನ್ನು ಕಂತಿನಲ್ಲೇ ವಸೂಲು ಮಾಡಿರುತ್ತಾರೆ.

ಇನ್ನೆರಡು ಮಾತು. ಮದುವೆಯಾದವರು ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ, ಮಕ್ಕಳ ಹೆಸರಿಗೆ ಮಾಡಿಸಬಹುದು. ಆಗ ನಿಮಗೆ ಸಾಲ ಕೊಟ್ಟವರು ಆ ಹಣಕ್ಕೆ ಕೈ ಹಾಕುವಂತಿಲ್ಲ. ವ್ಯಾಪಾರಸ್ಥರಿಗೆ ಇದು ತುಂಬ ಮುಖ್ಯ. ಆದರೆ ಪಾಲಿಸಿ ತೆಗೆದುಕೊಳ್ಳುವಾಗಲೇ ಹೇಳಬೇಕು, ಆಮೇಲೆ ಸೇರಿಸಲಾಗದು. ಕಂತನ್ನು ತಿಂಗಳಿಗೊಮ್ಮೆ ಬದಲು ವರ್ಷಕ್ಕೊಮ್ಮೆ ಕಟ್ಟಿದರೆ ಸಾಮಾನ್ಯವಾಗಿ ಅಗ್ಗ.

3. ಹಳೆಯ ಪಾಲಿಸಿಯನ್ನು ಸಿಟ್ಟಿನಲ್ಲಿ ಮುರಿಯಬೇಡಿ

ಮೇಲಿನ ಲೆಕ್ಕ ಓದಿ ನಾಳೆಯೇ ಶಾಖೆಗೆ ಹೋಗಿ ಸರೆಂಡರ್ ಅರ್ಜಿ ಕೊಡುವುದೂ ತಪ್ಪು. ಮೊದಲು ಟರ್ಮ್ ಪಾಲಿಸಿ ಕೈಗೆ ಬರಲಿ. ಆಮೇಲೆ ಕಂಪನಿಯಿಂದ ಮೂರು ಅಂಕಿ ಬರೆಸಿಕೊಳ್ಳಿ: ಈಗ ಸರೆಂಡರ್ ಮಾಡಿದರೆ ಎಷ್ಟು, ಕಂತು ನಿಲ್ಲಿಸಿ ‘ಪೇಯ್ಡ್ ಅಪ್’ ಮಾಡಿದರೆ ಕೊನೆಗೆ ಎಷ್ಟು, ಪೂರ್ತಿ ಕಟ್ಟಿದರೆ ಎಷ್ಟು. ಇನ್ನು ಮೂರ್ನಾಲ್ಕು ಕಂತು ಮಾತ್ರ ಬಾಕಿಯಿದ್ದರೆ ಮುಗಿಸಿಬಿಡುವುದೇ ವಾಸಿ. ಹೊಸದಾಗಿ ಕೊಂಡ ಪಾಲಿಸಿಯಾದರೆ, ಪತ್ರ ಕೈಸೇರಿದ 30 ದಿನದೊಳಗೆ ಹಿಂದಿರುಗಿಸುವ ಹಕ್ಕು ನಿಮಗಿದೆ. ಸಣ್ಣಪುಟ್ಟ ಕಡಿತ ಬಿಟ್ಟು ಹಣ ಬರುತ್ತದೆ.

4. ಆರೋಗ್ಯ ವಿಮೆಯಲ್ಲಿ ಕೊಠಡಿ ಬಾಡಿಗೆಯ ಸಾಲು ಓದಿ

ಆರೋಗ್ಯ ವಿಮೆ ಹೋಲಿಸುವವರು ನೋಡುವುದು ಪ್ರೀಮಿಯಂ ಮತ್ತು ಮೊತ್ತ. ಜಗಳ ಬರುವುದು ಬೇರೆ ಸಾಲಿನಿಂದ. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ 5 ಸಾವಿರದ ಮಿತಿಯಿದೆ ಎನ್ನಿ. ಆಸ್ಪತ್ರೆಯಲ್ಲಿ ನೀವು 10 ಸಾವಿರದ ಕೊಠಡಿ ಹಿಡಿದಿರಿ. ಹೆಚ್ಚುವರಿ 5 ಸಾವಿರ ಮಾತ್ರ ನಮ್ಮ ತಲೆಗೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಕೊಠಡಿಯ ದರ ಏರಿದಂತೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ಶುಲ್ಕಗಳೂ ಏರುವುದರಿಂದ ಕಂಪನಿ ಅವನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ ಕತ್ತರಿಸಬಹುದು. ಔಷಧಿ, ಸ್ಟೆಂಟ್‌ನಂಥವಕ್ಕೆ ಈ ಕತ್ತರಿ ಇಲ್ಲ. ಆದರೂ 2 ಲಕ್ಷದ ಇತರ ಶುಲ್ಕದಲ್ಲಿ 1 ಲಕ್ಷ ನಿಮ್ಮ ಜೇಬಿನಿಂದ ಹೋಗುತ್ತದೆ. ಕೊಠಡಿ ಮಿತಿಯಿಲ್ಲದ ಪಾಲಿಸಿಗೆ ವರ್ಷಕ್ಕೆ ಒಂದೆರಡು ಸಾವಿರ ಹೆಚ್ಚಾದರೂ ಕೊಡಿ. ಖರ್ಚು ಹೆಚ್ಚು ಮಾಡಿ ಎಂದು ಈ ಲೇಖನ ಹೇಳುವುದು ಇಲ್ಲಿ ಮಾತ್ರ.

ಶುಗರ್, ಬಿಪಿ ಇದ್ದರೆ ಅರ್ಜಿಯಲ್ಲಿ ಬರೆಯಿರಿ. ‘ಬರೆಯಬೇಡಿ ಸರ್, ಪ್ರೀಮಿಯಂ ಜಾಸ್ತಿಯಾಗುತ್ತೆ’ ಎಂದು ಹೇಳುವ ಏಜೆಂಟರು ಕ್ಲೇಮ್ ತಿರಸ್ಕಾರವಾದ ದಿನ ಫೋನ್ ಎತ್ತುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 3 ವರ್ಷ. ಸತತ 5 ವರ್ಷ ಕಂತು ಕಟ್ಟಿದ ಮೇಲೆ, ಮೋಸ ಸಾಬೀತಾದ ಹೊರತು, ‘ನೀವು ಮುಚ್ಚಿಟ್ಟಿದ್ದಿರಿ’ ಎಂದು ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ.

ಪ್ರೀಮಿಯಂ ಇಳಿಸುವ ನ್ಯಾಯವಾದ ದಾರಿ ಸೂಪರ್ ಟಾಪ್‌ಅಪ್. 25 ಲಕ್ಷದ ಒಂದೇ ಪಾಲಿಸಿಗಿಂತ 5 ಲಕ್ಷದ ಮೂಲ ಪಾಲಿಸಿ, ಅದರ ಮೇಲೆ 20 ಲಕ್ಷದ ಸೂಪರ್ ಟಾಪ್‌ಅಪ್ ಅಗ್ಗಕ್ಕೆ ಬೀಳುತ್ತದೆ. ಬರೀ ‘ಟಾಪ್‌ಅಪ್’ ಬೇಡ. ಅದು ಒಂದೊಂದು ಸಲದ ಬಿಲ್ಲನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುವುದು ‘ಸೂಪರ್’.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಅದಕ್ಕೆ ಮುಂಚೆ ಆರೋಗ್ಯ ವಿಮೆಗೆ ಶೇ 18 ಇತ್ತು. ನವೀಕರಣದ ನೋಟಿಸಿನಲ್ಲಿ ಮೂಲ ಪ್ರೀಮಿಯಂ ಎಷ್ಟಿದೆ ಎಂದು ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ನೋಡಿ. ತೆರಿಗೆಯ ಜಾಗಕ್ಕೆ ಬೆಲೆಯೇರಿಕೆ ಬಂದು ಕೂತಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

5. ಆಫೀಸಿನ ವಿಮೆಯನ್ನು ನಂಬಿ ಕೂರಬೇಡಿ

ಕೆಲಸ ಬಿಟ್ಟ ದಿನ ಅದೂ ಬಿಡುತ್ತದೆ. ಐವತ್ತೈದರಲ್ಲಿ ಹೊಸ ಪಾಲಿಸಿ ಹುಡುಕುವುದು ಮೂವತ್ತರಲ್ಲಿ ಹುಡುಕಿದಷ್ಟು ಸುಲಭವಲ್ಲ. ಸಣ್ಣದಾದರೂ ಸ್ವಂತದ್ದೊಂದು ಇರಲಿ.

6. ಸಾಲದ ಜೊತೆ, ಲಾಕರ್ ಜೊತೆ ಬರುವ ವಿಮೆಗೆ ಸಹಿ ಹಾಕುವ ಮುಂಚೆ ಕೇಳಿ

ಗೃಹಸಾಲದ ಕಾಗದಗಳ ನಡುವೆ ಒಂದೇ ಕಂತಿನ ಸಾಲ ವಿಮೆಯ ಅರ್ಜಿ ನುಸುಳಿರುತ್ತದೆ. ಪ್ರೀಮಿಯಂ ಸಾಲದ ಮೊತ್ತಕ್ಕೇ ಸೇರಿ, ಅದಕ್ಕೂ ಇಪ್ಪತ್ತು ವರ್ಷ ಬಡ್ಡಿ ಕಟ್ಟುತ್ತೀರಿ. ಕಡ್ಡಾಯವೇ ಎಂದು ಕೇಳಿ. ‘ಹೌದು’ ಎಂದರೆ ‘ಬರೆದುಕೊಡಿ’ ಎನ್ನಿ. ಸಾಮಾನ್ಯವಾಗಿ ಮಾತು ಅಲ್ಲಿಗೆ ನಿಲ್ಲುತ್ತದೆ. ನಿಮಗೆ ಬೇಕಾದ ರಕ್ಷಣೆಯನ್ನು ಟರ್ಮ್ ಪಾಲಿಸಿಯೇ ಕಡಿಮೆ ದರದಲ್ಲಿ ಕೊಡುತ್ತದೆ. ಲಾಕರ್‌ಗೆ ಬಾಡಿಗೆಯ ಭದ್ರತೆಗೆಂದು ಬ್ಯಾಂಕ್ ಠೇವಣಿ ಕೇಳಬಹುದು: ಮೂರು ವರ್ಷದ ಬಾಡಿಗೆ ಮತ್ತು ಲಾಕರ್ ಒಡೆಯುವ ಖರ್ಚಿನಷ್ಟು. ಅದಕ್ಕಾಗಿ ಪಾಲಿಸಿ ಮಾಡಿಸಬೇಕೆಂಬ ನಿಯಮ ಎಲ್ಲೂ ಇಲ್ಲ.

7. ‘ಡೈರೆಕ್ಟ್’ ಎನ್ನುವ ಒಂದು ಪದ ಹುಡುಕಿ

2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡ್ ಯೋಜನೆಯೂ ಎರಡು ರೂಪದಲ್ಲಿ ಸಿಗುತ್ತದೆ: ರೆಗ್ಯುಲರ್ ಮತ್ತು ಡೈರೆಕ್ಟ್. ಕೊಳ್ಳುವ ಷೇರುಗಳು ಅವೇ, ನಿರ್ವಾಹಕರೂ ಅವರೇ. ರೆಗ್ಯುಲರ್‌ನಲ್ಲಿ ಮಾರಾಟಗಾರರ ಕಮಿಷನ್ ಪ್ರತಿ ವರ್ಷ ನಿಮ್ಮ ಹಣದಿಂದ ಕಡಿತವಾಗುತ್ತದೆ. ಬಿಲ್ಲು ಬರುವುದಿಲ್ಲ, ಎಸ್ಸೆಮ್ಮೆಸ್ಸೂ ಬರುವುದಿಲ್ಲ, ಯೂನಿಟ್‌ನ ಬೆಲೆಯಾದ ಎನ್‌ಎವಿಯಲ್ಲೇ ಕಳೆದುಹೋಗಿರುತ್ತದೆ.

ಇದು ಎಷ್ಟು? ತಿಂಗಳಿಗೆ 10 ಸಾವಿರದ ಎಸ್‌ಐಪಿ, 25 ವರ್ಷ. ವರ್ಷಕ್ಕೆ ಶೇ 12 ಗಳಿಕೆಯಾದರೆ ಸುಮಾರು 1.9 ಕೋಟಿ. ಖರ್ಚು ಶೇ 1 ಹೆಚ್ಚಾಗಿ ಗಳಿಕೆ ಶೇ 11ಕ್ಕೆ ಇಳಿದರೆ 1.59 ಕೋಟಿ. ವ್ಯತ್ಯಾಸ 30 ಲಕ್ಷ. ನೀವು ಜೀವಮಾನದಲ್ಲಿ ಕಟ್ಟಿದ ಒಟ್ಟು ಅಸಲೇ 30 ಲಕ್ಷ ಎಂಬುದನ್ನು ಗಮನಿಸಿ. (ಶೇ 12 ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ; ಹೋಲಿಕೆಗಷ್ಟೇ.)

ಒಳ್ಳೆಯ ವಿತರಕರಿಗೆ ಅವರ ಬೆಲೆಯಿದೆ. ಪೇಟೆ ಕುಸಿದಾಗ ಎಸ್‌ಐಪಿ ನಿಲ್ಲಿಸದಂತೆ ತಡೆಯುವವರು ಆ ಶೇ 1ನ್ನು ದುಡಿದೇ ತಿನ್ನುತ್ತಾರೆ. ನಿಮ್ಮವರು ಅಂಥವರೇ, ಅಥವಾ ವರ್ಷಕ್ಕೊಮ್ಮೆ ಕ್ಯಾಲೆಂಡರ್ ಕೊಟ್ಟು ಹೋಗುವವರೇ? ಹಳೆಯ ರೆಗ್ಯುಲರ್ ಯೂನಿಟ್‌ಗಳನ್ನು ಡೈರೆಕ್ಟ್‌ಗೆ ಬದಲಿಸುವುದು ತೆರಿಗೆಯ ಲೆಕ್ಕದಲ್ಲಿ ಮಾರಾಟವೇ. ಈಕ್ವಿಟಿ ಫಂಡಿನಲ್ಲಿ ಒಂದು ವರ್ಷ ದಾಟಿದ ಲಾಭಕ್ಕೆ, ವರ್ಷಕ್ಕೆ 1.25 ಲಕ್ಷ ಮೀರಿದ ಭಾಗದ ಮೇಲೆ ಶೇ 12.5 ತೆರಿಗೆ. ಆದ್ದರಿಂದ ಹೊಸ ಕಂತುಗಳನ್ನು ಇಂದೇ ಡೈರೆಕ್ಟ್‌ಗೆ ತಿರುಗಿಸಿ, ಹಳೆಯದನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಬದಲಿಸಿ.

8. ಮಾರ್ಚ್ ತಿಂಗಳಲ್ಲಿ ಏನನ್ನೂ ಕೊಳ್ಳಬೇಡಿ

‘ತೆರಿಗೆ ಉಳಿಸಲು’ ಎಂದು ಮಾರ್ಚ್ ಕೊನೆಯ ವಾರ ಕೊಂಡ ಪಾಲಿಸಿಗಳಷ್ಟು ಕೆಟ್ಟ ಖರೀದಿ ಇನ್ನೊಂದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಉಳಿತಾಯಕ್ಕೆ ಸಿಗುವ 80ಸಿ ಕಡಿತ ಇಲ್ಲ, ಆರೋಗ್ಯ ವಿಮೆಯ 80ಡಿ ಕಡಿತವೂ ಇಲ್ಲ. 2025–26ರಿಂದ ಆ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೂ ಇಲ್ಲ. ಹಾಗಿದ್ದರೂ ತೆರಿಗೆಯ ಹೆಸರಿನಲ್ಲಿ ಪಾಲಿಸಿ ಮಾರುವವರು ಇದ್ದಾರೆ, ಕೊಳ್ಳುವವರೂ ಇದ್ದಾರೆ.

ಪಿಪಿಎಫ್‌ಗೆ ಹಣ ಹಾಕುವವರು ಏಪ್ರಿಲ್ 5ರೊಳಗೆ ಹಾಕಿ. ಪ್ರತಿ ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಯ ಮೇಲೆ ಬಡ್ಡಿ. 6ನೇ ತಾರೀಖು ಹಾಕಿದರೆ ಆ ತಿಂಗಳ ಬಡ್ಡಿ ಹೋಯಿತು.

9. ಒಂದು ಬ್ಯಾಂಕ್, 5 ಲಕ್ಷ

2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟ ಹಿರಿಯರು ಬಹಳ ಮಂದಿಯಿದ್ದರು. ಮರುತಿಂಗಳು ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಅಸಲು ಬಡ್ಡಿ ಸೇರಿ, ಒಬ್ಬ ವ್ಯಕ್ತಿಗೆ, ಒಂದು ಬ್ಯಾಂಕಿನ ಎಲ್ಲ ಶಾಖೆಗಳಿಗೂ ಕೂಡಿ 5 ಲಕ್ಷ. ಇನ್ನೊಂದು ಶಾಖೆಯಲ್ಲಿ ಖಾತೆ ತೆರೆದರೆ ಮಿತಿ ಹೆಚ್ಚುವುದಿಲ್ಲ. ಮುಕ್ಕಾಲು ಪರ್ಸೆಂಟ್ ಹೆಚ್ಚು ಬಡ್ಡಿಗೆ ಸಣ್ಣ ಬ್ಯಾಂಕಿಗೆ ಹೋಗುವುದಾದರೆ ಈ ಗೆರೆಯೊಳಗೇ ಇರಿ. ಸೌಹಾರ್ದ ಸಹಕಾರಿ, ಪತ್ತಿನ ಸಂಘಗಳ ಠೇವಣಿಗೆ ಈ ವಿಮೆ ಇಲ್ಲವೇ ಇಲ್ಲ. ಬೋರ್ಡಿನಲ್ಲಿ ಏನೇ ಬರೆದಿರಲಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ ಎಂದು ಕೇಳಿ.

10. ಚೀಟಿ ಹಾಕುವುದಾದರೆ ನೋಂದಾಯಿತ ಚೀಟಿ

ಚೀಟಿಯನ್ನು ಹೂಡಿಕೆ ಎಂದು ನೋಡಬೇಡಿ, ತುರ್ತಿಗೆ ಎತ್ತುವ ಹಣ ಎಂದು ನೋಡಿ. 1982ರ ಚಿಟ್ ಫಂಡ್ ಕಾಯ್ದೆಯಂತೆ ಫೋರ್‌ಮನ್ ಕಮಿಷನ್ ಶೇ 7 ಮೀರುವಂತಿಲ್ಲ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಮನೆ ಮಾಲೀಕರ ಅಕ್ಕ ನಡೆಸುವ ಚೀಟಿಯಲ್ಲಿ ಈ ರಕ್ಷಣೆ ಯಾವುದೂ ಸಿಗುವುದಿಲ್ಲ.

11. ಎಫ್ ಆ್ಯಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಬೇಡ

2021–22ರಿಂದ ಮೂರು ವರ್ಷದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು, ಅಂದರೆ ಶೇ 93ರಷ್ಟು ಬಿಡಿ ವಹಿವಾಟುದಾರರು ನಷ್ಟ ಮಾಡಿಕೊಂಡರೆಂದು ಷೇರುಪೇಟೆಯ ನಿಯಂತ್ರಕ ಸೆಬಿಯೇ 2024ರಲ್ಲಿ ಹೇಳಿದೆ. ಖರ್ಚೂ ಸೇರಿ ನಷ್ಟ ಸರಾಸರಿ ತಲಾ 2 ಲಕ್ಷ. ಇನ್ನು ಹೇಳುವುದೇನಿಲ್ಲ.

12. ಗಾಡಿಯ ಸಣ್ಣ ಗೀರಿಗೆ ಕ್ಲೇಮ್ ಬೇಡ

ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ. ನಾಲ್ಕು ಸಾವಿರದ ಬಂಪರ್‌ಗಾಗಿ ಅದನ್ನು ಕಳೆದುಕೊಳ್ಳಬೇಡಿ. ಈ ರಿಯಾಯಿತಿ ಕಾರಿನದಲ್ಲ, ನಿಮ್ಮದು. ಕಾರು ಮಾರಿದರೂ ಹೊಸದಕ್ಕೆ ವರ್ಗಾಯಿಸಿಕೊಳ್ಳಿ.

13. ಮನೆಯವರಿಗೆ ತಿಳಿದಿರಲಿ

ಎಲ್ಲ ಖಾತೆ, ಪಾಲಿಸಿಗಳ ಒಂದು ಪಟ್ಟಿ ಮಾಡಿ ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ. ನಾಮಿನಿ ಬರೆಸಿದರೆ ಸಾಕೆಂದುಕೊಳ್ಳಬೇಡಿ. ಬ್ಯಾಂಕಿನ ಹಣ, ಷೇರುಗಳಲ್ಲಿ ನಾಮಿನಿ ವಾರಸುದಾರರ ಪರವಾಗಿ ಪಡೆಯುವವರು ಮಾತ್ರ. ವಿಲ್ ಬರೆಯಿರಿ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಛಾಪಾ ಕಾಗದವೂ ನೋಂದಣಿಯೂ ಕಡ್ಡಾಯವಲ್ಲ. ತಂದೆ ತಾಯಿಯ ಮರೆತುಹೋದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕಿನ ಉದ್ಗಮ್ ತಾಣವಿದೆ.

14. ಕ್ಲೇಮ್ ತಿರಸ್ಕರಿಸಿದರೆ ಸುಮ್ಮನಾಗಬೇಡಿ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದವರಿಗೆ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ. 50 ಲಕ್ಷದವರೆಗಿನ ತಕರಾರು ಅಲ್ಲಿ ಕೇಳುತ್ತಾರೆ. ಅವರ ತೀರ್ಪಿಗೆ ಕಂಪನಿ ತಲೆಬಾಗಲೇಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ, ಶುಲ್ಕವೂ ಇಲ್ಲ.