ಪಾದಗಳ ಕಾವಲು

ದೇಹದ ಭಾರವನ್ನೆಲ್ಲ ಹೊತ್ತು ನಡೆಯುವ ಪಾದಗಳ ಕಡೆಗೆ ಮನುಷ್ಯನ ಗಮನ ಹರಿಯುವುದು ಅಪರೂಪ. ಮುಳ್ಳು ಚುಚ್ಚಿದಾಗಲೋ ಕಲ್ಲು ಎಡವಿದಾಗಲೋ ಅವುಗಳ ನೆನಪಾಗುತ್ತದೆ. ನೋವು ಶಮನವಾದೊಡನೆ ಆ ನೆನಪೂ ಅಳಿಸಿಹೋಗುತ್ತದೆ. ಪಾದಗಳಿಗೆ ನೋವೊಂದೇ ಭಾಷೆ. ಆದರೆ ಹಿಮ ಬೀಳುವ ಸೀಮೆಗಳಲ್ಲಿ ಈ ಭಾಷೆಯನ್ನು ಪೂರ್ತಿಯಾಗಿ ನಂಬುವಂತಿಲ್ಲ. ಅಲ್ಲಿ ನೋಯುವ ಕಾಲಿಗಿಂತ ನೋವು ನಿಂತುಹೋದ ಕಾಲೇ ಹೆಚ್ಚು ಅಪಾಯದಲ್ಲಿರುತ್ತದೆ.

ಮನುಷ್ಯ ಶರೀರದ ಒಳಭಾಗದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೊರಗೆ ಎಂತಹ ಚಳಿಯಿದ್ದರೂ ಹೃದಯ, ಮಿದುಳು, ಶ್ವಾಸಕೋಶ ಮೊದಲಾದ ಮುಖ್ಯ ಅವಯವಗಳಲ್ಲಿ ಈ ಉಷ್ಣತೆಯನ್ನು ಉಳಿಸಿಕೊಳ್ಳಲು ಶರೀರವು ಹವಣಿಸುತ್ತದೆ. ಬರಗಾಲದಲ್ಲಿ ಊರವರು ಕೆರೆಯ ತೂಬನ್ನು ಮುಚ್ಚಿ, ಕುಡಿಯುವುದಕ್ಕೆಂದು ನೀರನ್ನು ಕಾಯ್ದಿಡುವಂತೆ, ಚಳಿಯಲ್ಲಿ ಶರೀರವು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಬಿಸಿರಕ್ತವನ್ನು ಒಳಗೇ ಹಿಡಿದಿಡುತ್ತದೆ. ಆಗ ಕಾಲುವೆಯ ಕೊನೆಯ ಗದ್ದೆ ಮೊದಲು ಒಣಗುವಂತೆ, ಹೃದಯದಿಂದ ಬಹುದೂರದಲ್ಲಿರುವ ಕಾಲ್ಬೆರಳುಗಳು ಮೊದಲು ತಣ್ಣಗಾಗುತ್ತವೆ.

ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿದಾಗ ಚರ್ಮ ಮತ್ತು ಅದರಡಿಯ ಅಂಗಾಂಶಗಳಲ್ಲಿರುವ ನೀರು ಮಂಜಿನ ಹರಳುಗಳಾಗುತ್ತದೆ. ಈ ಹರಳುಗಳು ಜೀವಕೋಶಗಳನ್ನು ಘಾಸಿಗೊಳಿಸುತ್ತವೆ. ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ. ಇದನ್ನು ಹಿಮಕಡಿತವೆಂದು ಕರೆಯುತ್ತಾರೆ. ಮೊದಲು ಬೆರಳುಗಳು ಸೂಜಿ ಚುಚ್ಚಿದಂತೆ ನೋಯುತ್ತವೆ. ಅನಂತರ ಜೋಮು ಹಿಡಿಯುತ್ತದೆ. ಚರ್ಮವು ಬಿಳಿಚಿಕೊಂಡು ಮೇಣದಂತೆ ಗಟ್ಟಿಯಾಗುತ್ತದೆ. ಅನುಭವವಿಲ್ಲದವನು ಈ ಹಂತದಲ್ಲಿ ಕಾಲು ಸರಿಹೋಯಿತೆಂದು ಭಾವಿಸಿ ಮುಂದೆ ನಡೆಯುತ್ತಾನೆ.

ಅನುಭವಿಗಳೂ ಈ ಎಚ್ಚರಿಕೆಯನ್ನು ಮೀರಿದ ಪ್ರಸಂಗಗಳಿವೆ. 1950ರ ಜೂನ್ 3ರಂದು ಫ್ರಾನ್ಸಿನ ಮೋರಿಸ್ ಹರ್ಜೋಗ್ ಮತ್ತು ಲೂಯಿ ಲಾಶನಾಲ್ ನೇಪಾಳದ ಅನ್ನಪೂರ್ಣಾ ಶಿಖರವನ್ನೇರಿದರು. 8,000 ಮೀಟರಿಗಿಂತ ಎತ್ತರವಾದ ಶಿಖರವೊಂದರ ತುದಿಯನ್ನು ಮಾನವನು ಮುಟ್ಟಿದ್ದು ಅದೇ ಮೊದಲು. ಏರುವಾಗಲೇ ಲಾಶನಾಲನಿಗೆ ತನ್ನ ಪಾದಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತಿರುವುದು ತಿಳಿದಿತ್ತು. ಪರ್ವತಾರೋಹಿಗಳಿಗೆ ದಾರಿ ತೋರುವುದೇ ಅವನ ವೃತ್ತಿ; ಪಾದಗಳೇ ಅವನ ಜೀವನೋಪಾಯ. ತಾನು ಹಿಂದಿರುಗಿದರೆ ಏನು ಮಾಡುವೆಯೆಂದು ಅವನು ಸಂಗಡಿಗನನ್ನು ಕೇಳಿದನು. ಒಬ್ಬನೇ ಮುಂದುವರಿಯುವೆನೆಂದು ಹರ್ಜೋಗ್ ಉತ್ತರಿಸಿದನು. ಜೊತೆಗಾರನನ್ನು ಒಂಟಿಯಾಗಿ ಬಿಡಲಾರದೆ ಲಾಶನಾಲ್ ಮುನ್ನಡೆದನು. ಶಿಖರ ದಕ್ಕಿತು. ಆದರೆ ಇಳಿಯುವಾಗ ಬಿರುಗಾಳಿಗೆ ಸಿಕ್ಕಿ, ಹಿಮದ ಬಿರುಕೊಂದರಲ್ಲಿ ರಾತ್ರಿಯನ್ನು ಕಳೆದ ಅವರಿಬ್ಬರೂ ಕಾಲ್ಬೆರಳುಗಳನ್ನೆಲ್ಲ ಕಳೆದುಕೊಳ್ಳಬೇಕಾಯಿತು. ಹರ್ಜೋಗನ ಕೈಬೆರಳುಗಳಲ್ಲಿಯೂ ಬಹುಪಾಲು ನಷ್ಟವಾದವು. ಬೆಟ್ಟವನ್ನು ಗೆದ್ದವರನ್ನು ಕೂಲಿಗಳು ಬೆನ್ನ ಮೇಲೆ ಹೊತ್ತು ಕೆಳಗೆ ತರಬೇಕಾಯಿತು.

ಪಾದ ಕೆಡುವುದಕ್ಕೆ ನೀರು ಮಂಜಾಗುವಷ್ಟು ಚಳಿ ಬೇಕೆಂದೇನೂ ಇಲ್ಲ. ಚಳಿಯೊಡನೆ ತೇವ ಸೇರಿದರೂ ಸಾಕು. ನೀರು ಗಾಳಿಗಿಂತ ಬಹು ಶೀಘ್ರವಾಗಿ ದೇಹದ ಶಾಖವನ್ನು ಹೀರುತ್ತದೆ. ಒದ್ದೆಯ ಕಾಲುಚೀಲದೊಳಗೆ ಗಂಟೆಗಟ್ಟಲೆ, ದಿನಗಟ್ಟಲೆ ಇದ್ದ ಪಾದವು ಊದಿಕೊಂಡು, ಮರಗಟ್ಟಿ, ಕೊನೆಗೆ ಕೊಳೆಯಲೂಬಹುದು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳ ಕಂದಕಗಳಲ್ಲಿ ಸೈನಿಕರು ಕೆಸರುನೀರಿನಲ್ಲಿಯೇ ನಿಂತು ಹೋರಾಡಿದರು. ಅವರಲ್ಲಿ ಭಾರತೀಯ ಸೈನಿಕರೂ ಇದ್ದರು. 1914-15ರ ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯ ಸಹಸ್ರಾರು ಮಂದಿ ಶತ್ರುವಿನ ಗುಂಡಿನಿಂದಲ್ಲದೆ ಈ ಪಾದರೋಗದಿಂದಲೇ ಯುದ್ಧಕ್ಕೆ ಅನರ್ಹರಾದರು. ಅನಂತರ ಸೇನೆಯು ಕಟ್ಟುನಿಟ್ಟಾದ ನಿಯಮಗಳನ್ನು ಜಾರಿಗೆ ತಂದಿತು. ಸೈನಿಕರು ಪ್ರತಿದಿನ ಪಾದಗಳನ್ನು ಒರಸಿ ಒಣಗಿಸಿ, ತಿಮಿಂಗಿಲದ ಎಣ್ಣೆಯನ್ನು ಸವರಿ, ಒಣ ಕಾಲುಚೀಲವನ್ನು ಧರಿಸಬೇಕಾಗಿತ್ತು. ಇಬ್ಬಿಬ್ಬರು ಜೊತೆಗೂಡಿ ಒಬ್ಬರ ಪಾದವನ್ನು ಮತ್ತೊಬ್ಬರು ಪರೀಕ್ಷಿಸುವ ಪದ್ಧತಿಯೂ ಬಂದಿತು. ಜೋಮು ಹಿಡಿದ ಕಾಲು ತನ್ನ ಸ್ಥಿತಿಯನ್ನು ತಾನೇ ಹೇಳಲಾರದು. ಸಂಗಡಿಗನ ಕಣ್ಣು ಅದನ್ನು ಕಾಣಬಲ್ಲುದು.

ಈ ಅನುಭವಗಳು ಕಲಿಸಿದ ಪಾಠ ಸರಳವಾದುದು. ಪಾದವು ಒಣಗಿರಬೇಕು, ಬೆಚ್ಚಗಿರಬೇಕು, ಬಿಗಿತದಿಂದ ಮುಕ್ತವಾಗಿರಬೇಕು. ನೀರು ಇಳಿಯದ ಬೂಟಿನೊಳಗೆ ಬೆರಳುಗಳು ಸರಾಗವಾಗಿ ಆಡುವಷ್ಟು ಸ್ಥಳವಿರಬೇಕು. ಹೆಚ್ಚು ಬೆಚ್ಚಗಾಗಲೆಂದು ಬಿಗಿಯಾದ ಬೂಟಿನೊಳಗೆ ಮೂರು ನಾಲ್ಕು ಕಾಲುಚೀಲಗಳನ್ನು ತುರುಕಿದರೆ ರಕ್ತಸಂಚಾರವೇ ಕುಗ್ಗಿ ಕೇಡಾಗುತ್ತದೆ. ಬೆವರಿನಿಂದ ಒದ್ದೆಯಾದ ಚೀಲವನ್ನೂ ತಡಮಾಡದೆ ಬದಲಿಸಬೇಕು. ಹತ್ತಿಗಿಂತ ಉಣ್ಣೆಯ ಚೀಲ ಮೇಲು. ಉಣ್ಣೆ ತೇವಗೊಂಡರೂ ಸ್ವಲ್ಪಮಟ್ಟಿಗೆ ಬೆಚ್ಚಗಿರುತ್ತದೆ. ತಲೆ ಮತ್ತು ಮೈ ಬೆಚ್ಚಗಿದ್ದರೆ ಮಾತ್ರ ಪಾದಗಳಿಗೆ ಬಿಸಿರಕ್ತ ಹರಿಯುತ್ತದೆಯಾದ್ದರಿಂದ ಹೊಟ್ಟೆತುಂಬ ಆಹಾರವೂ ಸಾಕಷ್ಟು ನೀರೂ ಅಗತ್ಯ. ಹೊಗೆಸೊಪ್ಪು ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತದೆ. ಮದ್ಯವು ಬೆಚ್ಚನೆಯ ಭ್ರಮೆಯನ್ನು ಹುಟ್ಟಿಸಿ ಶರೀರದ ಶಾಖವನ್ನು ಹೊರಚೆಲ್ಲುತ್ತದೆ.

ಹಿಮಕಡಿತವಾದ ಮೇಲೆ ಮಾಡುವ ಉಪಚಾರದಲ್ಲಿಯೂ ವಿವೇಕ ಬೇಕು. 1812ರಲ್ಲಿ ನೆಪೋಲಿಯನ್ನನ ಸೇನೆ ರಷ್ಯಾದಿಂದ ಹಿಮ್ಮೆಟ್ಟಿದಾಗ, ಮರಗಟ್ಟಿದ ಕೈಕಾಲುಗಳನ್ನು ಬೆಂಕಿಗೆ ಹಿಡಿದವರ ಗತಿ ಇನ್ನೂ ಕೆಡುವುದನ್ನು ಸೇನಾವೈದ್ಯ ಲಾರೆ ಕಂಡನು. ಹಿಮದಿಂದ ಉಜ್ಜುವುದೇ ಲೇಸೆಂದು ಅವನು ಬಗೆದನು. ಈ ನಂಬಿಕೆ ನೂರು ವರ್ಷಕ್ಕೂ ಮೀರಿ ಬಾಳಿತು. ಬೆಂಕಿಯ ವಿಚಾರದಲ್ಲಿ ಅವನು ಹೇಳಿದುದು ನಿಜ; ಸ್ಪರ್ಶಜ್ಞಾನವಿಲ್ಲದ ಚರ್ಮ ಸುಡುತ್ತಿದ್ದರೂ ತಿಳಿಯದು. ಆದರೆ ಉಜ್ಜಿದರೆ ಮೊದಲೇ ಗಾಸಿಗೊಂಡ ಅಂಗಾಂಶ ಇನ್ನಷ್ಟು ಹರಿಯುತ್ತದೆಂದು ಈಗ ತಿಳಿದಿದೆ. ರೋಗಿಯನ್ನು ಚಳಿಯಿಂದ ಸುರಕ್ಷಿತ ಸ್ಥಳಕ್ಕೆ ಒಯ್ದು, ಒದ್ದೆ ಬಟ್ಟೆಗಳನ್ನು ತೆಗೆದು, 37ರಿಂದ 39 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಬೆಚ್ಚನೆಯ ನೀರಿನಲ್ಲಿ ಪಾದವನ್ನಿರಿಸಿ, ಬೇಗನೆ ವೈದ್ಯರ ಬಳಿಗೆ ಕರೆದೊಯ್ಯುವುದು ಇಂದಿನ ಕ್ರಮ. ಆದರೆ ಪಾದವು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಅದನ್ನು ಕರಗಿಸಬಾರದು. ಕರಗಿ ಮತ್ತೆ ಹೆಪ್ಪುಗಟ್ಟಿದ ಪಾದಕ್ಕೆ ಆಗುವ ಹಾನಿ ಮೊದಲಿನದಕ್ಕಿಂತ ಹೆಚ್ಚು.

ಭಾರತಕ್ಕೆ ಇದು ದೂರದ ವಿಷಯವಲ್ಲ. 1962ರಲ್ಲಿ ಹಿಮಾಲಯದ ಗಡಿಗೆ ಆತುರದಿಂದ ಕಳುಹಿಸಲಾದ ಯೋಧರಲ್ಲಿ ಅನೇಕರು ಹತ್ತಿಯ ಉಡುಪು, ಕ್ಯಾನ್ವಾಸ್ ಬೂಟುಗಳಲ್ಲಿಯೇ ಹಿಮವನ್ನು ಎದುರಿಸಿದರು. ಶೌರ್ಯವಿದ್ದರೂ ಪಾದಗಳಿಗೆ ರಕ್ಷಣೆಯಿರಲಿಲ್ಲ. 1984ರಿಂದ ಸಿಯಾಚಿನ್ ಹಿಮನದಿಯನ್ನು ಕಾಯುತ್ತಿರುವ ಸೈನಿಕರಿಗೆ ವಿಶೇಷ ಬೂಟುಗಳೂ ಉಡುಪುಗಳೂ ತರಬೇತಿಯೂ ದೊರೆಯುತ್ತವೆ. ಕರ್ನಾಟಕದ ಹಳ್ಳಿಗಳಲ್ಲಿ ಹುಟ್ಟಿ, ಹಿಮವನ್ನೇ ಕಾಣದೆ ಬೆಳೆದ ಯೋಧರೂ ಅಲ್ಲಿ ಕಾವಲು ನಿಂತಿದ್ದಾರೆ.

ಹಿಮದೊಡನೆ ಹೋರಾಡುವವನಿಗೆ ಧೈರ್ಯದಷ್ಟೇ ಎಚ್ಚರವೂ ಬೇಕು. ಒಂದು ಜೊತೆ ಒಣ ಕಾಲುಚೀಲ, ಸಡಿಲವಾದ ಬೂಟು, ದಿನಕ್ಕೊಮ್ಮೆ ಪಾದಗಳನ್ನು ನೋಡುವ ಅಭ್ಯಾಸ ಇವು ಅಲ್ಪವೆಂದು ತೋರಬಹುದು. ಆದರೆ ಹಿಮದ ನಾಡಿನಲ್ಲಿ ಮನುಷ್ಯನನ್ನು ಅವನದೇ ಕಾಲುಗಳ ಮೇಲೆ ಮನೆಗೆ ಮರಳಿಸುವುದು ಇಂತಹ ಅಲ್ಪ ಕಾರ್ಯಗಳೇ.